ಕಾಲೇಜು ಅಧ್ಯಾಪಕರು ಮತ್ತು ಕಂಪ್ಯೂಟರ್

ಅಂಜಿಕೆಯೋ, ಅಸಡ್ಡೆಯೋ?

ಕಂಪ್ಯೂಟರ್ ಕುರಿತ ಮನೋಭಾವವನ್ನು ಅಳೆಯಲು ಅಮೆರಿಕದ ಲಾಯ್ಡ್ ಮತ್ತು ಗ್ರೆಸಾರ್ಡ್ 1984ರಲ್ಲಿ ಪ್ರಕಟಿಸಿದ ಮಾಪನಿ ಆತಂಕ, ಆತ್ಮವಿಶ್ವಾಸ, ಇಷ್ಟ ಈ ಮೂರನ್ನೂ ಬೇರೆಬೇರೆಯಾಗಿ ನೋಡುತ್ತದೆ. 1989ರಲ್ಲಿ ಫ್ರೆಡ್ ಡೇವಿಸ್ ಎತ್ತಿದ ಪ್ರಶ್ನೆಗಳು ಇನ್ನೂ ನೇರ: ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆಯೇ, ಬಳಸಲು ಸುಲಭವೇ? ನಮ್ಮ ಸ್ಟಾಫ್ ರೂಮುಗಳಿಗೆ ಇವೇ ಹೆಚ್ಚು ಸಲ್ಲುತ್ತವೆ. ‘ನನಗೆ ಕಂಪ್ಯೂಟರ್ ಬರಲ್ಲಪ್ಪ’ ಎನ್ನುವ ಹಿರಿಯರೇ ಮೊಬೈಲಿನಲ್ಲಿ ಯುಪಿಐ ಪಾವತಿಯನ್ನು ಸಲೀಸಾಗಿ ಮಾಡುತ್ತಾರೆ.

ಕನ್ನಡ ವಿಭಾಗದ ಪಾಡು

ಕನ್ನಡ ಅಧ್ಯಾಪಕರ ಹಿಂಜರಿಕೆಗೆ ಬೇರೆಯದೇ ಕಾರಣವಿತ್ತು. 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅನೇಕರಿಗೆ ಟೈಪಿಂಗ್ ಕಲಿಸಿದವು. ನುಡಿಯ ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ಆಧಾರ. ಆದರೆ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ, ಕಷ್ಟಪಟ್ಟು ಬೆರಳಚ್ಚಿಸಿದ ಪ್ರಶ್ನೆಪತ್ರಿಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತಿತ್ತು. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಟ್ಟ ಯೂನಿಕೋಡ್ ಈ ತೊಡಕನ್ನು ಬಿಡಿಸಿತು. ಹಾಗಿದ್ದೂ ಹಳೆಯ ಕಡತಗಳನ್ನು ಪರಿವರ್ತಿಸಿದಾಗ ಅರ್ಕಾವೊತ್ತು, ಒತ್ತಕ್ಷರಗಳನ್ನು ಮತ್ತೊಮ್ಮೆ ಕಣ್ಣಿಟ್ಟು ತಿದ್ದಬೇಕು. ಇಷ್ಟು ಪಾಡುಪಟ್ಟವರನ್ನು ತಂತ್ರಜ್ಞಾನ ವಿರೋಧಿಗಳೆಂದರೆ ಅನ್ಯಾಯ.

ಯಾವ ಕೌಶಲ?

ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಮಂಡಿಸಿದ ಚೌಕಟ್ಟಿನ ಪ್ರಕಾರ ವಿಷಯಜ್ಞಾನ, ಬೋಧನಾಕ್ರಮ, ತಂತ್ರಜ್ಞಾನ ಮೂರೂ ಬೆಸೆದುಕೊಳ್ಳಬೇಕು. ಪಠ್ಯದ ಪ್ಯಾರಾಗಳನ್ನು ಪಿಪಿಟಿಗೆ ಹಾಕಿ ಓದಿದರೆ ಅದು ಹಳೆಯ ನೋಟ್ಸ್ ಬರೆಸುವುದೇ, ಗೋಡೆಯ ಮೇಲೆ ಅಷ್ಟೇ. ಜನಗಣತಿಯ ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿಸಿ, ತಮ್ಮ ತಾಲೂಕಿನ ಲಿಂಗಾನುಪಾತವನ್ನು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸುವ ಅರ್ಥಶಾಸ್ತ್ರದ ಮೇಷ್ಟ್ರು ಬೇರೆಯೇ ಕೆಲಸ ಮಾಡುತ್ತಿದ್ದಾರೆ.

ತರಬೇತಿ ಮತ್ತು ಒತ್ತಡ

ಯುಜಿಸಿ 1987ರಿಂದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳ ಮೂಲಕ ಓರಿಯಂಟೇಶನ್, ರಿಫ್ರೆಶರ್ ಕೋರ್ಸುಗಳನ್ನು ನಡೆಸಿತು. 2017ರಲ್ಲಿ ಆನ್‌ಲೈನ್ ಕೋರ್ಸುಗಳ ವೇದಿಕೆ ‘ಸ್ವಯಂ’ ಬಂತು. ಹೆಚ್ಚಿನವರನ್ನು ಕ್ಯಾಮೆರಾದ ಮುಂದೆ ಕೂರಿಸಿದ್ದು ಮಾತ್ರ 2020ರ ಲಾಕ್‌ಡೌನ್. ಈಗ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆಡಳಿತಕ್ಕಿರುವ ಯುಯುಸಿಎಂಎಸ್ ಪೋರ್ಟಲಿನಲ್ಲಿ ಆಂತರಿಕ ಅಂಕಗಳನ್ನು ನಮೂದಿಸದೆ ಸೆಮಿಸ್ಟರ್ ಮುಗಿಯದು. ಸರ್ವರ್ ನಿಧಾನವಾಗಿ, ಕೊನೆಯ ದಿನ ಹತ್ತಿರವಾದರೆ ಯಾರಿಗೆ ತಾನೇ ಯಂತ್ರದ ಮೇಲೆ ಪ್ರೀತಿ ಹುಟ್ಟೀತು? ಎಷ್ಟೋ ಕಡೆ ಹಿರಿಯರು ಪಾಸ್‌ವರ್ಡನ್ನೇ ಅತಿಥಿ ಉಪನ್ಯಾಸಕರ ಕೈಗೆ ಕೊಟ್ಟು, ‘ನೀನೇ ಸ್ವಲ್ಪ ಎಂಟ್ರಿ ಮಾಡಿಬಿಡು’ ಎನ್ನುತ್ತಾರೆ. ಹಾಗಾಗಿ ನುರಿತ ಕೈಗಳೆಲ್ಲ ಅಂಕ ತುಂಬುವುದರಲ್ಲೇ ಮುಗಿಯುತ್ತವೆ, ತರಗತಿಯ ಪ್ರೊಜೆಕ್ಟರ್ ಬೀರುವಿನಲ್ಲಿ ಉಳಿಯುತ್ತದೆ.