ಫಲದಿಂದ ಕಾರಣಕ್ಕೆ: ಮೌಲ್ಯಮಾಪನದಲ್ಲಿ ಹಿಮ್ಮುಖ ಕಾರಣಶೋಧದ ಇತಿಹಾಸ

ಹಿಮ್ಮುಖ ಕಾರಣಶೋಧವೆಂದರೆ, ಕಂಡ ಫಲವನ್ನು ಹಿಡಿದು ಅದನ್ನು ಉಂಟುಮಾಡಿರಬಹುದಾದ ಕಾರಣಗಳತ್ತ ಹಿಂದಕ್ಕೆ ಸಾಗುವ ಮೌಲ್ಯಮಾಪನ ವಿಧಾನ. ಪ್ರಯೋಗಪದ್ಧತಿ ಯೋಜನೆಯಿಂದ ಹೊರಟು ಪರಿಣಾಮವನ್ನು ಅಳೆಯುತ್ತದೆ. ಇದು ಪರಿಣಾಮದಿಂದ ಹೊರಡುತ್ತದೆ. ಒಂದು ತಾಲ್ಲೂಕಿನಲ್ಲಿ ಶಾಲೆ ಬಿಡುವ ಹೆಣ್ಣುಮಕ್ಕಳ ಸಂಖ್ಯೆ ಇಳಿದಿದ್ದರೆ ಅದಕ್ಕೆ ಸೈಕಲ್ ವಿತರಣೆ ಕಾರಣವೋ, ಬಿಸಿಯೂಟವೋ, ಹೊಸದಾಗಿ ಬಂದ ಬಸ್ಸೋ ಎಂದು ಕೇಳಬೇಕಾಗುತ್ತದೆ. ಯೋಜನೆ ಎಲ್ಲೆಡೆ ಒಮ್ಮೆಲೇ ಜಾರಿಯಾಗಿ, ಹೋಲಿಸಿ ನೋಡಲು ಅದಿಲ್ಲದ ಊರೇ ಉಳಿಯದಿದ್ದಾಗ ಈ ವಿಧಾನಕ್ಕೆ ಮಹತ್ವ ಹೆಚ್ಚು.

ತಾರ್ಕಿಕ ಹಿನ್ನೆಲೆ

ಭಾರತೀಯ ತರ್ಕಶಾಸ್ತ್ರ ಈ ಪ್ರಶ್ನೆಯನ್ನು ಬಹು ಹಿಂದೆಯೇ ಚರ್ಚಿಸಿದೆ. ಗೌತಮನ ನ್ಯಾಯಸೂತ್ರ ಅನುಮಾನವನ್ನು ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ ಎಂದು ವಿಂಗಡಿಸುತ್ತದೆ. ಭಾಷ್ಯಕಾರ ವಾತ್ಸ್ಯಾಯನನು ಶೇಷವತ್‌ಗೆ ಎರಡು ವಿವರಣೆ ನೀಡಿದ್ದಾನೆ. ಒಂದು, ಕಾರ್ಯದಿಂದ ಕಾರಣವನ್ನು ತಿಳಿಯುವುದು: ನದಿ ತುಂಬಿ ರಭಸವಾಗಿ ಹರಿದರೆ ಮೇಲೆಲ್ಲೋ ಮಳೆಯಾಗಿದೆ. ಇನ್ನೊಂದು ಪರಿಶೇಷ: ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕಿ ಕೊನೆಗೆ ಉಳಿದದ್ದನ್ನು ಒಪ್ಪುವುದು. ನೀರನ್ನು ಅಡ್ಡಗಟ್ಟಿದರೂ ನದಿ ಏರಬಹುದಲ್ಲ ಎಂಬ ಆಕ್ಷೇಪವನ್ನೂ ಸೂತ್ರಕಾರ ಎತ್ತಿಕೊಳ್ಳುತ್ತಾನೆ. ಮಳೆಯಿಂದ ಬಂದ ಪ್ರವಾಹಕ್ಕೆ ಸೆಳವು, ನೊರೆ, ತೇಲಿಬರುವ ಎಲೆ, ಹಣ್ಣು, ಕಟ್ಟಿಗೆ ಎಂಬ ಬೇರೆಯೇ ಗುರುತುಗಳಿವೆ ಎಂಬುದು ಭಾಷ್ಯದ ಉತ್ತರ. ಎದುರಾಳಿ ಕಾರಣವನ್ನು ಹೆಸರಿಸಿ, ಗುರುತಿನ ಬಲದಿಂದ ಅದನ್ನು ಕಳೆಯುವ ಈ ಕ್ರಮವೇ ಇಂದಿಗೂ ವಿಧಾನದ ತಿರುಳು.

ಯುರೋಪಿನಲ್ಲಿ ಜಾನ್ ಸ್ಟುವರ್ಟ್ ಮಿಲ್ 1843ರ ತರ್ಕಗ್ರಂಥದಲ್ಲಿ ಅನ್ವಯ, ವ್ಯತಿರೇಕ, ಶೇಷ ಮೊದಲಾದ ಕಾರಣನಿರ್ಣಯ ವಿಧಾನಗಳನ್ನು ನಿರೂಪಿಸಿದರು.

ರೋಗಶಾಸ್ತ್ರದ ಕೊಡುಗೆ

ಲಂಡನ್ನಿನ ಸೋಹೊದಲ್ಲಿ 1854ರಲ್ಲಿ ಕಾಲರಾ ಹರಡಿದಾಗ ಜಾನ್ ಸ್ನೋ ಸಾವು ಸಂಭವಿಸಿದ ಮನೆಗಳಿಂದ ಹಿಂದಕ್ಕೆ ಹುಡುಕುತ್ತ ಬ್ರಾಡ್ ಸ್ಟ್ರೀಟಿನ ನೀರಿನ ಪಂಪನ್ನು ತಲುಪಿದರು. 1926ರಲ್ಲಿ ಜ್ಯಾನೆಟ್ ಲೇನ್-ಕ್ಲೇಪನ್ ಸ್ತನ ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ ಅವರ ಹಿಂದಿನ ಬದುಕಿನ ವಿವರಗಳನ್ನು ಕಲೆಹಾಕಿದರು. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ಇದೇ ಬಗೆಯಲ್ಲಿ ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ನಂಟನ್ನು ತೋರಿಸಿದರು. ಇಂಥ ನಂಟನ್ನು ಕಾರಣವೆಂದು ಒಪ್ಪುವ ಮುನ್ನ ನೋಡಬೇಕಾದ ಒಂಬತ್ತು ಅಂಶಗಳನ್ನು ಹಿಲ್ 1965ರಲ್ಲಿ ಮುಂದಿಟ್ಟರು.

ಕರ್ನಾಟಕದಲ್ಲಿಯೂ ಇಂಥ ಶೋಧ ನಡೆದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಜನ ಜ್ವರಕ್ಕೆ ಬಲಿಯಾದಾಗ ಮೊದಲು ಹಳದಿ ಜ್ವರದ ಶಂಕೆ ಎದ್ದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ವೈರಸ್ಸನ್ನು ಬೇರ್ಪಡಿಸಿ, ಅದು ಉಣ್ಣೆಗಳ ಮೂಲಕ ಹರಡುವ ಹೊಸ ವೈರಸ್ ಎಂದು ಸ್ಥಾಪಿಸಿದರು. ಮಂಗನ ಕಾಯಿಲೆಯ ಕಾರಣ ಹೊರಬಿದ್ದದ್ದು ಹೀಗೆ.

ಮೌಲ್ಯಮಾಪನ ಕ್ಷೇತ್ರಕ್ಕೆ ಪ್ರವೇಶ

ಅಮೆರಿಕದ ಸಮಾಜಶಾಸ್ತ್ರಜ್ಞ ಎಫ್. ಸ್ಟುವರ್ಟ್ ಚೇಪಿನ್ 1947ರ ತಮ್ಮ ಗ್ರಂಥದಲ್ಲಿ, ಘಟನೆ ನಡೆದ ಮೇಲೆ ಹಿಂತಿರುಗಿ ನೋಡುವ ಅಧ್ಯಯನಕ್ಕೆ ಸ್ಥಾನ ಕೊಟ್ಟರು. 1963ರಲ್ಲಿ ಡೊನಾಲ್ಡ್ ಕ್ಯಾಂಬೆಲ್ ಮತ್ತು ಜೂಲಿಯನ್ ಸ್ಟ್ಯಾನ್ಲಿ, ಯೋಜನೆಯ ಹೊರತಾಗಿಯೂ ಅದೇ ಫಲವನ್ನು ತರಬಲ್ಲ ಎದುರಾಳಿ ವಿವರಣೆಗಳ ಪಟ್ಟಿಯನ್ನು ಸಿದ್ಧಪಡಿಸಿದರು.

ನಿರ್ಣಾಯಕ ಹೆಜ್ಜೆ ಮೈಕೆಲ್ ಸ್ಕ್ರಿವೆನ್ ಅವರದು. 1970ರ ದಶಕದ ಮಧ್ಯಭಾಗದಲ್ಲಿ ಅವರು ಮಂಡಿಸಿದ ‘ಮೋಡಸ್ ಆಪರೆಂಡೈ’ ವಿಧಾನ ಪತ್ತೇದಾರರು, ಮರಣೋತ್ತರ ಪರೀಕ್ಷಕರು, ಯಂತ್ರ ದುರಸ್ತಿಗಾರರು ನಿತ್ಯ ಅನುಸರಿಸುವ ಕ್ರಮವನ್ನು ಆಧರಿಸಿದೆ. ಮೊದಲು ಆ ಫಲಕ್ಕೆ ಕಾರಣವಾಗಬಲ್ಲ ಎಲ್ಲ ಸಂಗತಿಗಳನ್ನೂ ಪಟ್ಟಿಮಾಡಬೇಕು. ಅವುಗಳಲ್ಲಿ ನಿಜಕ್ಕೂ ಇದ್ದವು ಯಾವುವೆಂದು ಪರಿಶೀಲಿಸಬೇಕು. ಒಂದಕ್ಕಿಂತ ಹೆಚ್ಚು ಉಳಿದರೆ, ಪ್ರತಿ ಕಾರಣವೂ ಬಿಟ್ಟುಹೋಗುವ ವಿಶಿಷ್ಟ ಘಟನಾಸರಣಿ ಪೂರ್ಣವಾಗಿ ಕಾಣುತ್ತದೆಯೇ ಎಂದು ನೋಡಬೇಕು. ಯಾದೃಚ್ಛಿಕ ಪ್ರಯೋಗವಷ್ಟೇ ಕಾರಣವನ್ನು ತೋರಿಸಬಲ್ಲದು ಎಂಬ ವಾದವನ್ನು ಸ್ಕ್ರಿವೆನ್ ಕೊನೆಯವರೆಗೂ ವಿರೋಧಿಸಿದರು.

ನಂತರದ ಬೆಳವಣಿಗೆ

ಜಾನ್ ಮೇನ್ ಕೆನಡಾದಲ್ಲಿ 1999–2001ರ ಅವಧಿಯಲ್ಲಿ ಕೊಡುಗೆ ವಿಶ್ಲೇಷಣೆಯನ್ನು ರೂಪಿಸಿದರು. ‘ಯೋಜನೆಯಿಂದಲೇ ಆಯಿತೇ?’ ಎಂಬ ಪ್ರಶ್ನೆಯ ಬದಲು ‘ಯೋಜನೆಯ ಪಾಲು ಎಷ್ಟು ನಂಬಲರ್ಹ?’ ಎಂದು ಅದು ಕೇಳುತ್ತದೆ. ಕಾರಣದಿಂದ ಫಲದವರೆಗಿನ ಕೊಂಡಿಗಳನ್ನು ಸಾಕ್ಷ್ಯದ ಬಲದಿಂದ ಪರೀಕ್ಷಿಸುವ ಪ್ರಕ್ರಿಯಾ ಶೋಧ ರಾಜ್ಯಶಾಸ್ತ್ರದಿಂದ ಬಂದಿತು. ಸ್ಟೀಫನ್ ವ್ಯಾನ್ ಎವೆರಾ 1997ರಲ್ಲಿ ಸಾಕ್ಷ್ಯಗಳನ್ನು ಅವುಗಳ ಬಲಕ್ಕೆ ತಕ್ಕಂತೆ ನಾಲ್ಕು ಪರೀಕ್ಷೆಗಳಾಗಿ ವಿಂಗಡಿಸಿದರು: ಕೆಲವು ಸಾಕ್ಷ್ಯ ಇಲ್ಲದಿದ್ದರೆ ವಾದವೇ ಬಿದ್ದುಹೋಗುತ್ತದೆ, ಕೆಲವು ಸಿಕ್ಕರೆ ವಾದ ಗಟ್ಟಿಯಾಗುತ್ತದೆ. ರಿಕಾರ್ಡೊ ವಿಲ್ಸನ್-ಗ್ರಾವ್ ಮತ್ತು ಸಂಗಡಿಗರು ಬೆಳೆಸಿದ ಫಲಸಂಗ್ರಹ ವಿಧಾನವು ಆದ ಬದಲಾವಣೆಗಳನ್ನು ಮೊದಲು ಕಲೆಹಾಕಿ, ಅವುಗಳಲ್ಲಿ ಯೋಜನೆಯ ಪಾತ್ರವನ್ನು ಆಮೇಲೆ ನಿಷ್ಕರ್ಷಿಸುತ್ತದೆ.

ಭಾರತದಲ್ಲಿ ಸರ್ಕಾರಿ ಯೋಜನೆಗಳ ಮೌಲ್ಯಮಾಪನಕ್ಕೆ ಸಾಂಸ್ಥಿಕ ನೆಲೆಯೂ ಬೆಳೆಯಿತು: ಯೋಜನಾ ಆಯೋಗದಡಿ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆ 1952ರಲ್ಲಿ ಆರಂಭವಾಯಿತು. ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ 2011ರಲ್ಲಿ ಸ್ಥಾಪನೆಗೊಂಡಿತು.

ಮಿತಿಗಳು

ಕಾರಣದ ಪರಿಣಾಮವನ್ನು ಅಳೆಯುವುದೂ ಪರಿಣಾಮದ ಕಾರಣವನ್ನು ಹುಡುಕುವುದೂ ಬೇರೆ ಬೇರೆ ಪ್ರಶ್ನೆಗಳೆಂದು ಸಂಖ್ಯಾಶಾಸ್ತ್ರಜ್ಞ ಪಾಲ್ ಹಾಲೆಂಡ್ 1986ರಲ್ಲಿ ಸ್ಪಷ್ಟಪಡಿಸಿದರು. ಹಿಮ್ಮುಖ ಶೋಧ ಎರಡನೆಯದಕ್ಕೆ ಉತ್ತರಿಸುತ್ತದೆ. ಫಲದ ಪ್ರಮಾಣವನ್ನು ನಿಖರವಾಗಿ ಹೇಳಲಾರದು. ಪಟ್ಟಿಯಲ್ಲಿ ಸೇರದ ಕಾರಣ ಪರೀಕ್ಷೆಗೇ ಒಳಪಡುವುದಿಲ್ಲ. ಹಳೆಯದನ್ನು ನೆನೆದು ಹೇಳುವವರ ಮಾತು ಮುಂದೆ ಆದದ್ದಕ್ಕೆ ತಕ್ಕಂತೆ ಬದಲಾಗಬಹುದು. ಅನುದಾನ ನಿರೀಕ್ಷಿಸುವವರು ಯೋಜನೆಯನ್ನೇ ಹೊಗಳಬಹುದು. ಆದ್ದರಿಂದ ಕಾಕತಾಳೀಯವನ್ನು ಕಾರ್ಯಕಾರಣವೆಂದು ಬಗೆಯುವ ಅಪಾಯ ಇಲ್ಲಿ ಸದಾ ಇರುತ್ತದೆ. ಗೆದ್ದ ಕಾರಣದ ಜೊತೆಗೆ, ಕೈಬಿಟ್ಟ ಕಾರಣಗಳನ್ನೂ ಅವನ್ನು ಕೈಬಿಡಲು ಆಧಾರವಾದ ಸಾಕ್ಷ್ಯವನ್ನೂ ತೆರೆದಿಡುವ ವರದಿ ಮಾತ್ರ ಈ ವಿಧಾನದಲ್ಲಿ ವಿಶ್ವಾಸಾರ್ಹ.