ಬಳ್ಳಿ ಸರಿಸಿದರೆ ಕೆಳಗೆ ಹೆಸರುಗಳು

1/7
ಒಂದು ಸ್ಮಶಾನ ಕಾಡಾಗಿದ್ರೆ "ಮನೆಯವರು ಮರೆತುಬಿಟ್ರು" ಅಂತ ಸುಲಭವಾಗಿ ಹೇಳಿಬಿಡ್ತೀವಿ. ಯಾವಾಗಲೂ ಅಷ್ಟೇ ಅಲ್ಲ. ಈ ಸಲದ ಸರಣಿ ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದ್ದು. ಅಲ್ಲಿ ಅಕ್ಕಪಕ್ಕದಲ್ಲೇ ಎರಡು ಹಳೇ ಸ್ಮಶಾನಗಳಿವೆ: 1891ರ ಎವರ್‌ಗ್ರೀನ್, 1897ರ ಈಸ್ಟ್ ಎಂಡ್.

2/7
ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಕೊನೆಯಾಯ್ತು. ಆದರೆ ಶಾಲೆ, ರೈಲು, ಆಸ್ಪತ್ರೆಗಳಲ್ಲಿ ಬಿಳಿಯರಿಗೊಂದು ಜಾಗ, ಕಪ್ಪು ಜನರಿಗೊಂದು ಜಾಗ ಅನ್ನೋದು ಉಳೀತು. ಮಣ್ಣು ಮಾಡೋ ಜಾಗವೂ ಬೇರೆ. ಹಾಗಾಗಿ ರಿಚ್ಮಂಡ್‌ನ ಕಪ್ಪು ಸಮುದಾಯ ತಮ್ಮವರಿಗಾಗಿ ತಾವೇ ಸ್ಮಶಾನ ಕಟ್ಟಿಕೊಂಡಿತು.

3/7
ಅಲ್ಲಿ ಮಲಗಿರೋರು ಯಾರು ಗೊತ್ತಾ? ಎವರ್‌ಗ್ರೀನ್‌ನಲ್ಲಿ ಮ್ಯಾಗಿ ವಾಕರ್ ಅವರ ಸಮಾಧಿ ಇದೆ. ಅವರ ತಾಯಿ ಗುಲಾಮಗಿರಿಯಲ್ಲಿದ್ದವರು. ಮಗಳು 1903ರಲ್ಲಿ ಬ್ಯಾಂಕ್ ಶುರು ಮಾಡಿದರು. ಅಮೆರಿಕದಲ್ಲಿ ಬ್ಯಾಂಕ್ ಸ್ಥಾಪಿಸಿದ ಮೊದಲ ಕಪ್ಪು ಮಹಿಳೆ ಅವರೇ. ಜನರನ್ನು ಗುಂಪು ಸೇರಿ ಹೊಡೆದು ಕೊಲ್ಲೋದರ ವಿರುದ್ಧ ಧೈರ್ಯವಾಗಿ ಬರೆದ ಪತ್ರಿಕಾ ಸಂಪಾದಕ ಜಾನ್ ಮಿಚೆಲ್ ಕೂಡ ಇಲ್ಲೇ ಇದ್ದಾರೆ. ಈಸ್ಟ್ ಎಂಡ್‌ನಲ್ಲಿ ವೈದ್ಯರು, ಮೇಷ್ಟ್ರುಗಳು, ಕೂಲಿಯವರು, ಮೊದಲ ಮಹಾಯುದ್ಧದ ಸೈನಿಕರು.

4/7
ಮತ್ತೆ ಹಾಳಾಗಿದ್ದು ಹೇಗೆ? ನಿರ್ವಹಣೆಗೆ ಅಂತ ಶಾಶ್ವತ ನಿಧಿ ಇರಲಿಲ್ಲ. ಪ್ರತಿ ಮನೆಯವರೂ ತಮ್ಮ ಸಮಾಧಿ ತಾವೇ ನೋಡ್ಕೋಬೇಕಿತ್ತು. 20ನೇ ಶತಮಾನದಲ್ಲಿ ಲಕ್ಷಾಂತರ ಕಪ್ಪು ಜನ ಕೆಲಸಕ್ಕಾಗಿ, ಮರ್ಯಾದೆಯ ಬದುಕಿಗಾಗಿ ದಕ್ಷಿಣ ಬಿಟ್ಟು ಉತ್ತರದ ನಗರಗಳಿಗೆ ಹೋದರು. ಊರಲ್ಲಿ ಉಳಿದವರಿಗೆ ವಯಸ್ಸಾಯ್ತು. ಬಳ್ಳಿ ಹಬ್ಬಿತು, ಮರ ಬೆಳೀತು, ಹೊರಗಿನವರು ಹಳೇ ಟೈರು, ಕಸ ತಂದು ಸುರಿದರು.

5/7
ಈಗ ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಗುಲಾಮಗಿರಿ ಉಳಿಸಿಕೊಳ್ಳೋಕೆ ದೇಶದಿಂದಲೇ ಬೇರೆಯಾದ ದಕ್ಷಿಣದ ರಾಜ್ಯಗಳಿಗೆ ಇದೇ ರಿಚ್ಮಂಡ್ ರಾಜಧಾನಿಯಾಗಿತ್ತು. ಆ ಪಕ್ಷದ ಸೈನಿಕರ ಸಮಾಧಿಗಳ ನಿರ್ವಹಣೆಗೆ ವರ್ಜೀನಿಯಾ ಸರ್ಕಾರ 20ನೇ ಶತಮಾನದುದ್ದಕ್ಕೂ ಹಣ ಕೊಟ್ಟಿತು. ಆ ಖಜಾನೆಗೆ ಕಪ್ಪು ಜನರೂ ತೆರಿಗೆ ಕಟ್ಟಿದ್ದರು. ಎವರ್‌ಗ್ರೀನ್, ಈಸ್ಟ್ ಎಂಡ್‌ಗಳಿಗೂ ಸರ್ಕಾರದ ಹಣ ಸಿಗಬಹುದು ಅಂತ ಕಾನೂನು ಆಗಿದ್ದು 2017ರಲ್ಲಿ! ಅಂದ್ರೆ ಒಂದು ಸ್ಮಶಾನ ಹಸಿರು ಹುಲ್ಲುಹಾಸು, ಇನ್ನೊಂದು ಕಾಡು ಆಗಿದ್ದು ಬರೀ ಮರೆವಿನಿಂದಲ್ಲ. ಯಾರ ನೆನಪಿಗೆ ದುಡ್ಡು ಹಾಕಬೇಕು ಅಂತ ಒಂದು ಸರ್ಕಾರ ವರ್ಷ ವರ್ಷವೂ ತೀರ್ಮಾನ ಮಾಡ್ತಾ ಬಂದಿತ್ತು.

6/7
ಕಾನೂನಿಗೂ ಮೊದಲೇ, 2013ರಲ್ಲಿ ಈಸ್ಟ್ ಎಂಡ್‌ಗೆ ಸ್ವಯಂಸೇವಕರು ಬರೋಕೆ ಶುರುಮಾಡಿದ್ರು. ಕೈಯಲ್ಲಿ ಗವಸು, ಕತ್ತರಿ, ಗರಗಸ. ಸುಮಾರು 16 ಎಕರೆ ಜಾಗ. ಬಳ್ಳಿ ಕತ್ತರಿಸೋದು, ಮಣ್ಣಲ್ಲಿ ಹೂತುಹೋದ ಕಲ್ಲು ಹುಡುಕೋದು, ತೊಳೆಯೋದು, ಹೆಸರು ಮತ್ತು ತಾರೀಖು ಓದಿ ಫೋಟೊ ತೆಗೆಯೋದು. ಆಮೇಲೆ ಹಳೇ ಪತ್ರಿಕೆ, ಮರಣ ದಾಖಲೆಗಳಲ್ಲಿ ಆ ಹೆಸರಿನ ಹಿಂದಿನ ಬದುಕು ಹುಡುಕೋದು. ಹೀಗೆ 3,000ಕ್ಕೂ ಹೆಚ್ಚು ಸಮಾಧಿ ಕಲ್ಲುಗಳು ಬೆಳಕಿಗೆ ಬಂದವು. ಫೋಟೊ, ಮಾಹಿತಿ ಎಲ್ಲ ಆನ್‌ಲೈನ್‌ಗೆ ಹಾಕಿದ್ದರಿಂದ, ದೂರದ ಊರಲ್ಲಿರೋ ಮೊಮ್ಮಕ್ಕಳಿಗೂ ಅಜ್ಜ ಅಜ್ಜಿಯ ಸಮಾಧಿ ಹುಡುಕೋ ದಾರಿ ತೆರೀತು.

7/7
ಇದು ಅಮೆರಿಕದ ಕಥೆ ಅಂತ ಸ್ಕ್ರೋಲ್ ಮಾಡಿ ಮುಂದೆ ಹೋಗ್ಬೇಡಿ. ದಲಿತರಿಗೆ ಸ್ಮಶಾನಕ್ಕೆ ಜಾಗ ಇಲ್ಲ, ಜಾಗ ಇದ್ರೂ ಹೆಣ ಹೊತ್ಕೊಂಡು ಹೋಗೋಕೆ ದಾರಿ ಬಿಡ್ತಿಲ್ಲ ಅನ್ನೋ ಸುದ್ದಿ ನಮ್ಮ ರಾಜ್ಯದಲ್ಲೂ ಬರ್ತಾನೇ ಇರುತ್ತೆ.

ನಿಮ್ಮ ಊರಲ್ಲಿ ಯಾವ ಸ್ಮಶಾನಕ್ಕೆ ಕಾಂಪೌಂಡು, ನೀರು, ರಸ್ತೆ ಇದೆ? ಯಾವುದಕ್ಕೆ ಇಲ್ಲ? ಮನೆಯಲ್ಲಿ ಹಿರಿಯರನ್ನ ಕೇಳಿ, ಕಾಮೆಂಟಲ್ಲಿ ಬರೀರಿ.

ಹಳೇ ಸಮಾಧಿ ಸ್ವಚ್ಛ ಮಾಡೋಕೆ ಹೊರಟ್ರೆ ಮೊದಲು ಸಂಬಂಧಪಟ್ಟವರ ಒಪ್ಪಿಗೆ ತಗೊಳ್ಳಿ. ತಂತಿ ಬ್ರಷ್, ಆಸಿಡ್, ಬ್ಲೀಚ್ ಬೇಡವೇ ಬೇಡ, ಅಕ್ಷರ ಅಳಿಸಿಹೋಗುತ್ತೆ. ನೀರು, ಮೆತ್ತನೆಯ ಬ್ರಷ್ ಸಾಕು. ಹೆಸರು ಓದೋಕೆ ಆದ್ರೆ ಬರೆದಿಟ್ಕೊಳ್ಳಿ.

#ಇತಿಹಾಸ #ರಿಚ್ಮಂಡ್ #ಸ್ಮಶಾನ #ಕನ್ನಡದಲ್ಲಿಇತಿಹಾಸ