ನಸುಕಿನ ಕನಸು ನೆನಪಿನಲ್ಲಿ ಉಳಿಯಬೇಕಾದರೆ

ಬೆಳಗಾವಿ: ನಗರದ ನೆಹರು ನಗರ ರಾತ್ರಿಯಿಡೀ ಅರೆ ಎಚ್ಚರದಲ್ಲಿಯೇ ಇರುವ ಬಡಾವಣೆ. 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯ, ಡಾ. ಪ್ರಭಾಕರ ಕೋರೆ ಆಸ್ಪತ್ರೆ, ವಿದ್ಯಾರ್ಥಿ ನಿಲಯಗಳು ಹಾಗೂ ಸಮೀಪದ ಹೆದ್ದಾರಿ ಇಲ್ಲಿನ ದೀಪಗಳನ್ನು ಆರಲು ಬಿಡುವುದಿಲ್ಲ. ರಾತ್ರಿ ಪಾಳಿಯ ದಾದಿಯರು, ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು, ಖಾನಾಪುರದ ಕಡೆಯಿಂದ ಮುಂಜಾನೆಯ ಬಸ್ಸು ಹಿಡಿದು ಬರುವ ನೌಕರರು, ಇವರೆಲ್ಲರೂ ನಿದ್ರೆಯಲ್ಲಿ ಒಂದಿಷ್ಟು ಪಾಲನ್ನು ಬಿಟ್ಟುಕೊಡಬೇಕಾದವರು. 'ನನಗೆ ಕನಸೇ ಬೀಳುವುದಿಲ್ಲ' ಎಂಬ ಮಾತು ಹೆಚ್ಚಾಗಿ ಕೇಳಿಬರುವುದೂ ಇಂಥವರಿಂದಲೇ.

ಆದರೆ ಕನಸು ಬೀಳದವರು ಅತಿ ವಿರಳ. ಬಹುತೇಕರಿಗೆ ಕನಸು ಬೀಳುತ್ತದೆ, ನೆನಪಿನಲ್ಲಿ ಉಳಿಯುವುದಿಲ್ಲ ಅಷ್ಟೆ. ಅದನ್ನು ಉಳಿಸಿಕೊಳ್ಳಲು ಯಾವುದೇ ಮಾತ್ರೆ, ಮಂತ್ರ ಬೇಕಿಲ್ಲ. ಬೇಕಾಗಿರುವುದು ಮುಖ್ಯವಾಗಿ ಎರಡು: ನಸುಕಿನ ನಿದ್ರೆ ಮತ್ತು ದಿಂಬಿನ ಪಕ್ಕದಲ್ಲೊಂದು ನೋಟುಪುಸ್ತಕ.

ಟಿಪ್ಪುವಿನ ಕನಸಿನ ಪುಸ್ತಕ

ಕನಸುಗಳನ್ನು ಬರೆದಿಡುವ ಪರಿಪಾಠ ನಮ್ಮ ನಾಡಿಗೆ ಹೊಸತಲ್ಲ. ಇದಕ್ಕೆ ಅತ್ಯಂತ ಪ್ರಸಿದ್ಧ ನಿದರ್ಶನ ಮೈಸೂರಿನ ಟಿಪ್ಪು ಸುಲ್ತಾನ್. 1785ರಿಂದ 1798ರವರೆಗಿನ ಅವಧಿಯಲ್ಲಿ ತಾನು ಕಂಡ 37 ಕನಸುಗಳನ್ನು ಆತ ಪಾರ್ಸಿ ಭಾಷೆಯಲ್ಲಿ, ಸ್ವಹಸ್ತಾಕ್ಷರದಲ್ಲಿ ದಾಖಲಿಸಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡ ಬಳಿಕ, ಅರಮನೆಯ ಶಯನಗೃಹದಲ್ಲಿದ್ದ ಕಾಗದಪತ್ರಗಳ ನಡುವೆ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವರಿಗೆ ಈ ಪುಸ್ತಕ ದೊರೆಯಿತು. ಇಂಥದೊಂದು ಪುಸ್ತಕವಿರುವುದು ಸುಲ್ತಾನನ ಮುನ್ಷಿ ಹಬೀಬುಲ್ಲಾ ಅವರಿಗೆ ತಿಳಿದಿತ್ತಾದರೂ ಅವರು ಅದನ್ನು ಎಂದೂ ಕಂಡಿರಲಿಲ್ಲ; ಸುಲ್ತಾನ್ ಅದನ್ನು ಯಾರ ಕಣ್ಣಿಗೂ ಬೀಳದಂತೆ ಮರೆಮಾಡುತ್ತಿದ್ದ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಸೇರಿದ ಆ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಿರೀಶ ಕಾರ್ನಾಡರ 'ಟಿಪ್ಪುವಿನ ಕನಸುಗಳು' ನಾಟಕಕ್ಕೆ ಹಿನ್ನೆಲೆಯಾಗಿರುವುದು ಇದೇ ದಾಖಲೆ.

ಈ ಪುಸ್ತಕದ ರಾಜಕೀಯ ಮಹತ್ವ ಬೇರೆಯ ವಿಷಯ. ಇಲ್ಲಿ ಗಮನಿಸಬೇಕಾದದ್ದು ಅದರ ಕ್ರಮವನ್ನು. ಯುದ್ಧದ ನಡುವೆಯೂ ಆತ ದಿನಾಂಕ ನಮೂದಿಸಿ ಕಂಡದ್ದನ್ನು ಬರೆದಿದ್ದಾನೆ. ತನಗೆ ಹೊಳೆದ ಅರ್ಥವನ್ನು ಕೆಲವೆಡೆ ಕೊನೆಯಲ್ಲಿ ಸೇರಿಸಿದ್ದಾನೆ. ಮೊದಲು ಕಂಡದ್ದು, ಆಮೇಲೆ ಅರ್ಥ ಎಂಬ ಈ ಕ್ರಮ ಇಂದಿಗೂ ಅನುಕರಣೀಯ.

ಕನಸು ಮರೆಯುವುದೇಕೆ?

1953ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥೇನಿಯಲ್ ಕ್ಲೈಟ್‌ಮನ್ ಅವರು, ನಿದ್ರಿಸುವವರ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯೊಳಗೆ ಆಗಾಗ ವೇಗವಾಗಿ ಚಲಿಸುವುದನ್ನು ದಾಖಲಿಸಿದರು. ಈ ಹಂತಕ್ಕೆ 'ರೆಮ್' ನಿದ್ರೆ ಎಂಬ ಹೆಸರು ಬಂದಿತು. ಈ ಹಂತದಲ್ಲಿ ಎಬ್ಬಿಸಿದವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಕನಸನ್ನು ವಿವರಿಸಬಲ್ಲರು. ಇತರ ಹಂತಗಳಲ್ಲಿಯೂ ಕನಸು ಬೀಳುವುದುಂಟು; ಆದರೆ ಅವು ಸಾಮಾನ್ಯವಾಗಿ ಮಸುಕಾಗಿರುತ್ತವೆ, ಚಿಕ್ಕದಾಗಿರುತ್ತವೆ.

ನಿದ್ರೆಯು ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಒಂದು ರಾತ್ರಿಯಲ್ಲಿ ಇಂಥ ನಾಲ್ಕೈದು ಸುತ್ತುಗಳಿರುತ್ತವೆ. ಮೊದಲ ಸುತ್ತಿನಲ್ಲಿ ರೆಮ್ ಹಂತ ಕೆಲವೇ ನಿಮಿಷಗಳದ್ದು. ಕೊನೆಯ ಸುತ್ತುಗಳಲ್ಲಿ ಅದು ಅರ್ಧ ಗಂಟೆ ಅಥವಾ ಅದಕ್ಕೂ ಮಿಗಿಲು. ಹೀಗಾಗಿ ಎಂಟು ಗಂಟೆ ನಿದ್ರೆ ಬೇಕಾದವರು ಆರೇ ಗಂಟೆಗೆ ಎದ್ದರೆ ನಿದ್ರೆಯ ಕಾಲುಭಾಗ ಮಾತ್ರ ಹೋದಂತೆ ಕಂಡರೂ, ಕನಸಿನ ಪಾಲಿನಲ್ಲಿ ಹೋಗುವುದು ಅದಕ್ಕಿಂತ ಬಹಳ ಹೆಚ್ಚು.

ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿದೆ. ಅದು ನಿಜವಾಗುತ್ತದೆ ಎನ್ನಲು ಆಧಾರವಿಲ್ಲ. ಆದರೆ ನಸುಕಿನ ಕನಸು ದೀರ್ಘವೂ ಸ್ಪಷ್ಟವೂ ಆಗಿರುತ್ತದೆ ಹಾಗೂ ಎಚ್ಚರಕ್ಕೆ ಹತ್ತಿರವಿರುವುದರಿಂದ ನೆನಪಿನಲ್ಲಿ ಉಳಿಯುತ್ತದೆ ಎಂಬುದು ದಿಟ. ನಂಬಿಕೆಯ ಹಿಂದಿನ ಅನುಭವ ಸುಳ್ಳಲ್ಲ.

ಮರೆವಿಗೆ ಮಿದುಳಿನಲ್ಲಿಯೇ ಕಾರಣಗಳಿವೆ. ನೆನಪನ್ನು ಗಟ್ಟಿಗೊಳಿಸಲು ನೆರವಾಗುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕದ ಪ್ರಮಾಣ ರೆಮ್ ಹಂತದಲ್ಲಿ ತೀರ ಇಳಿದಿರುತ್ತದೆ. ಆದ್ದರಿಂದ ಕನಸಿನ ನಡುವೆ ಅಥವಾ ಅದು ಮುಗಿದೊಡನೆ ಸ್ವಲ್ಪವಾದರೂ ಎಚ್ಚರವಾದರೆ ಮಾತ್ರ ಅದು ನೆನಪಿಗೆ ದಕ್ಕುತ್ತದೆ. ಫ್ರಾನ್ಸಿನ ಲಿಯೋನ್ ನಗರದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ. ಕನಸುಗಳನ್ನು ಹೆಚ್ಚಾಗಿ ನೆನಪಿಡುವವರು ರಾತ್ರಿಯ ನಿದ್ರೆಯ ನಡುವೆ ಒಟ್ಟು ಸುಮಾರು 30 ನಿಮಿಷ ಎಚ್ಚರವಾಗಿದ್ದರೆ, ಅಪರೂಪಕ್ಕೆ ನೆನಪಿಡುವವರು ಅದರ ಅರ್ಧದಷ್ಟು ಹೊತ್ತು ಮಾತ್ರ ಎಚ್ಚರವಾಗಿದ್ದರು.

ನೆನಪಿಡುವ ಕ್ರಮ

1. ಮಲಗುವ ಮುನ್ನ 'ಇಂದಿನ ಕನಸನ್ನು ನೆನಪಿಡುತ್ತೇನೆ' ಎಂದು ಮನಸ್ಸಿನಲ್ಲಿಯೇ ನಿಶ್ಚಯಿಸಿಕೊಳ್ಳಬೇಕು. ಸರಳವೆನಿಸಿದರೂ ಕನಸಿನ ಬಗೆಗಿನ ಆಸಕ್ತಿಗೂ ಅದರ ನೆನಪಿಗೂ ನಂಟಿದೆ.

2. ಎಚ್ಚರವಾದೊಡನೆ ಏಳಬಾರದು. ಮಗ್ಗುಲು ಬದಲಿಸದೆ, ಕಣ್ಣು ತೆರೆಯದೆ ಒಂದೆರಡು ನಿಮಿಷ ಹಾಗೆಯೇ ಇದ್ದು, ಕೊನೆಗೆ ಕಂಡ ದೃಶ್ಯ ಯಾವುದೆಂದು ಯೋಚಿಸಬೇಕು. ಆ ತುದಿಯಿಂದ ಹಿಂದಕ್ಕೆ ಸಾಗಿದರೆ ಉಳಿದ ಭಾಗ ಒಂದೊಂದಾಗಿ ಹೊಳೆಯುತ್ತದೆ.

3. ಮೊಬೈಲನ್ನು ಮುಟ್ಟುವ ಮೊದಲೇ ಬರೆಯಬೇಕು. ಒಂದು ಸಂದೇಶ ಓದಿದರೂ ಸಾಕು, ಕನಸು ಕರಗಿಹೋಗುತ್ತದೆ. ಪೂರ್ಣ ವಾಕ್ಯಗಳು ಬೇಕಿಲ್ಲ. ಸ್ಥಳ, ಮುಖ, ಬಣ್ಣ, ಭಾವ ಎಂಬ ನಾಲ್ಕು ಪದಗಳಾದರೂ ಸಾಕು.

4. ಏನೂ ನೆನಪಾಗದಿದ್ದರೆ ಎದ್ದಾಗಿನ ಭಾವವನ್ನಾದರೂ ಬರೆಯಬೇಕು. ಅಂಜಿಕೆಯೋ, ಹಿಗ್ಗೋ ಇದ್ದೀತು. ಕೆಲವೊಮ್ಮೆ ಅದರ ಬೆನ್ನಿಗೇ ದೃಶ್ಯವೂ ಬರುತ್ತದೆ.

5. ವಾರದಲ್ಲಿ ಒಂದೆರಡು ದಿನವಾದರೂ ಅಲಾರಂ ಇಲ್ಲದೆ ತಾನಾಗಿಯೇ ಎಚ್ಚರವಾಗಲು ಬಿಡಬೇಕು. ರಾತ್ರಿ ಪಾಳಿಯವರು ರಜೆಯ ದಿನ ಇದನ್ನು ಪರೀಕ್ಷಿಸಬಹುದು.

ಎರಡು ಮೂರು ವಾರ ಬಿಡದೆ ಪಾಲಿಸಿದರೆ ವ್ಯತ್ಯಾಸ ಕಾಣಿಸೀತು. ಕನಸನ್ನು ಬರೆಯುವಾಗ ಅರ್ಥ ಹುಡುಕಲು ಅವಸರಿಸಬಾರದು. ಅರ್ಥಕ್ಕೆ ತಕ್ಕಂತೆ ಕನಸನ್ನೇ ತಿದ್ದಿ ಬರೆಯುವ ಅಪಾಯವಿದೆ.

ಸ್ಪಷ್ಟ ಕನಸಿಗೆ ಏನು ಬೇಕು?

ನಿದ್ರೆ ಅಖಂಡವಾಗಿದ್ದಷ್ಟೂ ಕನಸಿಗೆ ಅವಕಾಶ ಹೆಚ್ಚು. ವಯಸ್ಕರಿಗೆ ಏಳರಿಂದ ಎಂಟು ಗಂಟೆ ನಿದ್ರೆ, ದಿನವೂ ಒಂದೇ ಹೊತ್ತಿಗೆ ಮಲಗುವ ರೂಢಿ ಅಗತ್ಯ. ಮದ್ಯಪಾನವು ರಾತ್ರಿಯ ಮೊದಲ ಭಾಗದಲ್ಲಿ ರೆಮ್ ನಿದ್ರೆಯನ್ನು ತಡೆಯುತ್ತದೆ, ಉತ್ತರಾರ್ಧದಲ್ಲಿ ನಿದ್ರೆಯನ್ನು ಒಡೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಪಶ್ಯನ ಧ್ಯಾನದ ದೀರ್ಘ ಅಭ್ಯಾಸವಿದ್ದವರಲ್ಲಿ ಗಾಢ ನಿದ್ರೆಯೂ ರೆಮ್ ನಿದ್ರೆಯೂ ಇತರರಿಗಿಂತ ಉತ್ತಮವಾಗಿದ್ದುದು ಕಂಡುಬಂದಿತು.

ಬಿ6 ಜೀವಸತ್ವದ ಮಾತ್ರೆಯಿಂದ ಕನಸು ಹೆಚ್ಚುತ್ತದೆ ಎಂಬ ಪ್ರಚಾರವಿದೆ. ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾಲಯದ 2018ರ ಅಧ್ಯಯನದಲ್ಲಿ 240 ಮಿಲಿಗ್ರಾಂ ಬಿ6 ಸೇವಿಸಿದವರು ಕನಸಿನ ಹೆಚ್ಚು ವಿವರಗಳನ್ನು ನೆನಪಿಸಿಕೊಂಡರು. ಆದರೆ ಕನಸಿನ ಸ್ಪಷ್ಟತೆ ಹೆಚ್ಚಲಿಲ್ಲ. ದೇಹಕ್ಕೆ ದಿನಕ್ಕೆ ಬೇಕಾಗುವುದು ಕೆಲವೇ ಮಿಲಿಗ್ರಾಂ. ಅಧಿಕ ಪ್ರಮಾಣವನ್ನು ಬಹುಕಾಲ ಸೇವಿಸಿದರೆ ನರಗಳಿಗೆ ಹಾನಿಯಾಗಿ ಕೈಕಾಲು ಜೋಮು ಹಿಡಿಯಬಹುದು. ಬಾಳೆಹಣ್ಣು, ಕಡಲೆ, ಮೀನುಗಳಲ್ಲಿ ಈ ಸತ್ವ ಸಹಜವಾಗಿಯೇ ಇದೆ. ಕನಸಿಗಾಗಿ ಮಾತ್ರೆ ನುಂಗುವುದು ಸಲ್ಲದು.

ವೈದ್ಯರ ಬಳಿ ಯಾವಾಗ?

ಕನಸು ಸ್ಪಷ್ಟವಾಗುವುದೆಲ್ಲ ಒಳ್ಳೆಯ ಲಕ್ಷಣವಲ್ಲ. ರೆಮ್ ಹಂತದಲ್ಲಿ ದೇಹದ ಸ್ನಾಯುಗಳು ಸಡಿಲಗೊಂಡು ಚಲನೆ ನಿಂತಿರುತ್ತದೆ. ನಡುವಯಸ್ಸು ದಾಟಿದವರು ಕನಸಿಗೆ ತಕ್ಕಂತೆ ಕೂಗುತ್ತ, ಕೈಕಾಲು ಬೀಸುತ್ತ, ಹಾಸಿಗೆಯಿಂದ ಬೀಳುತ್ತಿದ್ದರೆ ಅದನ್ನು ನಕ್ಕು ಬಿಡುವಂತಿಲ್ಲ. ಇದು ಕೆಲವರಲ್ಲಿ ಪಾರ್ಕಿನ್ಸನ್ ಕಾಯಿಲೆಗೆ ವರ್ಷಗಳ ಮೊದಲೇ ಕಾಣಿಸಿಕೊಳ್ಳುವ ಸೂಚನೆಯಾಗಿರಬಹುದು. ಮನೆಯವರು ನರರೋಗ ತಜ್ಞರ ಗಮನಕ್ಕೆ ತರಬೇಕು.

ರಕ್ತದೊತ್ತಡ ಹಾಗೂ ಖಿನ್ನತೆಗೆ ನೀಡುವ ಕೆಲವು ಔಷಧಗಳಿಂದಲೂ ದುಃಸ್ವಪ್ನ ಬೀಳುವುದುಂಟು. ಅಂಥವರು ಔಷಧವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಅಪಘಾತ, ಸಾವು, ಹಿಂಸೆ ಕಂಡವರಿಗೆ ಅದೇ ದೃಶ್ಯ ಮತ್ತೆ ಮತ್ತೆ ಕನಸಾಗಿ ಬರುತ್ತಿದ್ದರೆ ಕನಸಿನ ಪುಸ್ತಕಕ್ಕಿಂತ ಆಪ್ತ ಸಮಾಲೋಚನೆ ಮುಖ್ಯ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು.

ನಿದ್ರೆಯನ್ನು ಕಡಿಮೆ ಮಾಡಿಕೊಂಡು ದುಡಿಯುವುದನ್ನೇ ಶ್ರದ್ಧೆ ಎಂದು ಭಾವಿಸುವ ಕಾಲವಿದು. ಆದರೆ ಬೆಳಿಗ್ಗೆ ಎದ್ದಾಗ ವಾರಗಟ್ಟಲೆ ಒಂದು ಕನಸೂ ನೆನಪಾಗದಿದ್ದರೆ, ತಾವು ಮಲಗುವುದೆಷ್ಟು ಹೊತ್ತು ಎಂಬ ಲೆಕ್ಕವನ್ನು ಓದುಗರು ಒಮ್ಮೆ ಹಾಕಿ ನೋಡುವುದು ಒಳಿತು. ದಿಂಬಿನ ಪಕ್ಕದಲ್ಲಿ ಪುಸ್ತಕವಿಡುವ ಮುನ್ನ ಅಲಾರಂ ಮುಳ್ಳನ್ನು ಅರ್ಧ ಗಂಟೆ ಮುಂದಕ್ಕೆ ಸರಿಸಬೇಕಾದೀತು.